ಕರಿಮರಡಿಯ ಆಣೆಗುಂಡು

ಕರಿಮರಡಿಯ ನೂಲಿನ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಚಿಮಣಿಯೊಂದು ನಿಂತಿದೆ, ಅದರ ಹಿಂದೆ ಫುಟ್‌ಬಾಲ್ ಮೈದಾನ. ಮೈದಾನದ ಪಡುವಣ ತುದಿಯಲ್ಲಿ, ಗೋಲ್ ಕಂಬಗಳ ಬೆನ್ನಿಗೆ, ಆಳೆತ್ತರದ ಕರಿಬಂಡೆಯೊಂದಿದೆ. ಊರವರು ಅದನ್ನು ಆಣೆಗುಂಡು ಎನ್ನುತ್ತಾರೆ. ಯಾವುದೋ ದೇವರ ಕಲ್ಲೆಂದು ಹೊಸಬರು ಕೈಮುಗಿಯುವುದುಂಟು. ಮುಗಿಯಲಿ, ತಪ್ಪೇನಿಲ್ಲ. ಹೆಸರು ಬಂದದ್ದು ಮಾತ್ರ ಒಂದು ಗುಮಾನಿಯಿಂದ.

ಹಿಂದೆ ಒಮ್ಮೆ, ಗಿರಣಿ ಹಗಲಿರುಳು ತಿರುಗುತ್ತಿದ್ದಾಗ, ಇಲ್ಲಿ ಅಡಿವೆಪ್ಪನೆಂಬ ಜಾಬರ್ ಇದ್ದ. ನೂಲುವ ಖಾತೆಯ, ಎಂದರೆ ವಿಭಾಗದ, ಕೆಲಸಗಾರರಿಗೆ ಮೇಸ್ತ್ರಿ, ಗಿರಣಿಯ ಫುಟ್‌ಬಾಲ್ ತಂಡಕ್ಕೆ ನಾಯಕ. ತೀರಿಹೋದ ಅಕ್ಕನ ಮಗ ಗುರುಪಾದನನ್ನು ಸಾಕಿ, ಖಾತೆಗೆ ಸೇರಿಸಿ, ಗೋಲಿನಲ್ಲಿ ನಿಲ್ಲಿಸಿದವನು ಅವನೇ. ಹುಡುಗನ ಕೈಗೆ ಸಿಕ್ಕ ಚೆಂಡು ಸಿಕ್ಕಿತೆಂದೇ ಲೆಕ್ಕ. ಆ ವರ್ಷದ ಫೈನಲ್ ಗೆದ್ದರೆ ಅವನ ಕೆಲಸ ಕಾಯಂ ಆಗುವುದಿತ್ತು. ಆದರೆ ಎದುರು ತಂಡ ಹೊಳೆಯಾಚೆಯ ಗಿರಣಿಯದು. ಅದರ ನಾಯಕನ ಜೊತೆ ಗುರುಪಾದ ಸಂತೆಯಲ್ಲಿ ಚಹಾ ಕುಡಿದದ್ದನ್ನು ಯಾರೋ ಕಂಡು ಅಡಿವೆಪ್ಪನ ಕಿವಿಯೂದಿದ್ದರು. ತಲೆಗೆ ಹುಳ ಹೊಕ್ಕ ಮೇಲೆ ಕೇಳಬೇಕೆ?

ಪಂದ್ಯ ತಡವಾಗಿ ಶುರುವಾಯಿತು. ಇನ್ನೇನು ಗೋಲಿಲ್ಲದೆ ಮುಗಿಯಬೇಕು, ಆಗ ಬಂದ ಚೆಂಡನ್ನು ಗುರುಪಾದ ಎದೆಗವಚಿ ಹಿಡಿದ. ಅದೇ ಹೊತ್ತಿಗೆ ಗಿರಣಿಯ ಭೋಂಗಾ, ಪಾಳಿ ಬದಲಾಗುವ ಸೈರನ್, ಕೂಗಿತು. ಹುಡುಗ ಚೆಂಡನ್ನು ಮೆಲ್ಲಗೆ ನೆಲಕ್ಕಿಟ್ಟು, ಎರಡೂ ಕೈ ತೆಗೆದು ಹಿಂದೆ ಸರಿದ. ಎದುರಾಳಿ ಓಡಿಬಂದು ಒಳಕ್ಕೆ ಒದ್ದ. ಕಪ್ ಹೊಳೆ ದಾಟಿತು.

ಕಳವಿನ ಗುಮಾನಿ ಬಂದವನು ಕಲ್ಲು ಮುಟ್ಟಿ ಆಣೆ ಮಾಡುವುದು ಈ ಸೀಮೆಯ ವಾಡಿಕೆ. ಅಡಿವೆಪ್ಪ ಎಲ್ಲರೆದುರು ಅಳಿಯನ ರಟ್ಟೆ ಹಿಡಿದು ಬಂಡೆಯ ಬಳಿಗೆ ಎಳೆದೊಯ್ದ.

“ಆಚೀಯವ್ರ ಮಾತು ಕೇಳಿ ಚೆಂಡು ಬಿಟ್ಟಿಲ್ಲಂತ ಮುಟ್ಟಿ ಹೇಳು.”

“ಮಾಮಾ, ನೀನೂ ಹಂಗ ಅಂತಿಯೇನು?”

“ಮುಟ್ಟಂದ್ರ ಮುಟ್ಟು.”

ಗುರುಪಾದ ಮುಟ್ಟಿದ, ಹೇಳಿದ. ಯಾರೂ ನಂಬಲಿಲ್ಲ. ಇಷ್ಟು ಬೇಗ ಮುಟ್ಟಿದನೆಂದರೆ ಏನೋ ಇದೆ ಎಂದರು. ತಡಮಾಡಿದ್ದರೆ ಅದಕ್ಕೂ ಒಂದು ಮಾತು ಸಿದ್ಧವಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬೆಳಗಾಗುವಷ್ಟರಲ್ಲಿ ಹುಡುಗ ಊರು ಬಿಟ್ಟಿದ್ದ. ಅವನ ಆಟ ಆ ಒಂದೇ ಹಂಗಾಮಿಗೆ ಮುಗಿಯಿತು.

ಮರುದಿನ ಅಡಿವೆಪ್ಪ ಖಾತೆಯಲ್ಲಿ ನಿಂತಿದ್ದಾಗ ಭೋಂಗಾ ಆಯಿತು. ಯಂತ್ರಗಳ ಮೇಲಿದ್ದ ಕೈಗಳೆಲ್ಲ ಒಮ್ಮೆಗೇ ಹಿಂದೆ ಸರಿದವು, ಅವನವೂ. ಭೋಂಗಾ ಕೂಗಿ ಹೊಸ ಪಾಳಿಯವರು ಯಂತ್ರ ಚಾಲೂ ಮಾಡುವಾಗಲೂ ಕೈಯಿಟ್ಟರೆ ಬೆರಳು ಹೋಗುತ್ತವೆಂದು, ಗುರುಪಾದನ ಮುಂಗೈಗೆ ಬಾರಿಸಿ ಬಾರಿಸಿ ಅದನ್ನು ಕಲಿಸಿದವನು ತಾನೇ. ತಂಡ ಅಭ್ಯಾಸಕ್ಕೆ ಇಳಿಯುತ್ತಿದ್ದದ್ದು ಯಾವಾಗಲೂ ಪಾಳಿ ಬಿಟ್ಟ ಮೇಲೆ. ಆಟದ ನಡುವೆ ಭೋಂಗಾ ಕೂಗಿದ್ದನ್ನು ಹುಡುಗ ಎಂದೂ ಕೇಳಿರಲಿಲ್ಲ. ಅಡಿವೆಪ್ಪ ಖಾತೆ ಬಿಟ್ಟು ಹೊರಗೆ ಓಡಿದ. ಹೊಳೆಯಾಚೆ ಹುಡುಕಿದ, ಕಂಡ ಕಂಡ ಊರಿನಲ್ಲಿ ಹುಡುಕಿಸಿದ. ಅಳಿಯ ಸಿಗಲಿಲ್ಲ. ಕೊನೆಗೆ ತಂಡದವರನ್ನೆಲ್ಲ ಕರೆದು, ತಾನೇ ಬಂಡೆ ಮುಟ್ಟಿ, “ಇನ್ನ ಗೋಲಿನ್ಯಾಗ ನಿಂತಾವಗ ನಾ ಆಣಿ ಕೇಳಂಗಿಲ್ಲ” ಎಂದನಂತೆ. ಕಲ್ಲಿಗೆ ಹೆಸರು ನಿಂತದ್ದು ಈ ಎರಡನೆಯ ಆಣೆಯಿಂದ ಎನ್ನುತ್ತಾರೆ.

ಇಂದಿಗೂ ಪಂದ್ಯಕ್ಕೆ ಮುಂಚೆ ಎರಡೂ ತಂಡಗಳ ನಾಯಕರು ಆ ಕಲ್ಲಿನ ಮೇಲೆ ಕೈಯಿಟ್ಟು ಅದೇ ಮಾತು ಹೇಳುವುದನ್ನು ನೋಡಬಹುದು. ಗೋಲ್‌ಕೀಪರುಗಳು ದೂರ ನಿಂತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಆಟ. ಚೆಂಡೊಂದು ಕೈತಪ್ಪಿ ಒಳಗೆ ಹೋಯಿತೆನ್ನಿ, ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಮೈದಾನದ ಅಷ್ಟೂ ಕಣ್ಣುಗಳು ಮಾತ್ರ ಆ ಹುಡುಗನ ಮುಖಕ್ಕೇ ಹೋಗುತ್ತವೆ.