ಪುನುಗಣ್ಣನ ಹೊಂಡ

ಒಂದು ಕಾಡಿನ ನಡುವೆ ದೊಡ್ಡ ಕೆರೆಯಿತ್ತು. ಆದರೆ ಅದರ ನೀರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲಿಂದಲೋ ತೇಲಿಬಂದ ಅಂತರಗಂಗೆ ಎಂಬ ಕಳೆ ದಡದಿಂದ ದಡಕ್ಕೆ ಹಬ್ಬಿತ್ತು. ಮೇಲೆಲ್ಲ ನೇರಳೆ ಹೂವು, ನೋಡಲು ಹಬ್ಬ. ಕೆಳಗೆ ಕತ್ತಲೆಯಲ್ಲಿ ಮೀನುಗಳು ಉಸಿರುಗಟ್ಟಿ ಸಾಯುತ್ತಿದ್ದವು.

ಮರಿಯ ಹೊಟ್ಟೆಗೆ ಏನು ಹಾಕಲಿ ಎಂದು ನೀರುನಾಯಿ ಹೊನ್ನವ್ವ ದಡದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮರದಲ್ಲಿ ಗೂಡು ಹೆಣೆಯುತ್ತಿದ್ದ ಗೀಜಗ ಬಗ್ಗಿ ನೋಡಿತು.

"ಹೊನ್ನಕ್ಕಾ, ಅದನ್ನ ಕಿತ್ತು ಒಣಗಿಸು. ದಂಟು ಒಳ್ಳೇ ನಾರಾಗುತ್ತೆ. ಹೆಣೆಯೋದು ನಾನು ಹೇಳ್ಕೊಡ್ತೀನಿ."

"ನನ್ನ ಕೈಗೆ ಹೆಣಿಗೆ ಬಂದೀತಾ?"

"ನನಗಿರೋದು ಒಂದು ಕೊಕ್ಕು. ನಿನಗೆ ಎರಡು ಕೈ!"

ಹೊನ್ನವ್ವ ಬೇರುಸಹಿತ ಕಿತ್ತಳು. ಬಿಸಿಲಿಗೆ ಹರವಿದಳು, ಹಗ್ಗ ಹೊಸೆದಳು, ಬುಟ್ಟಿ ಹೆಣೆದಳು. ದೂರದ ಹೊಳೆಯ ಕೊಕ್ಕರೆಗಳು ಬುಟ್ಟಿಗೆ ಬದಲು ಮೀನು ಕೊಟ್ಟವು. ಬುಟ್ಟಿ ಹೊತ್ತೊಯ್ಯುವವನು ಪುನುಗು ಬೆಕ್ಕು. ಮೈತುಂಬ ಪರಿಮಳ, ಬಾಯಿತುಂಬ ಸಕ್ಕರೆ ಮಾತು. ಪ್ರತಿ ಬುಟ್ಟಿಗೂ ಅವನಿಗೊಂದು ಮೀನು.

ಕೆರೆಯ ಮೂಲೆಯಲ್ಲಿ ಬೊಗಸೆಯಷ್ಟು ನೀರು ಹೊಳೆಯಿತು. ಹೊನ್ನವ್ವನ ಕಣ್ಣು ತುಂಬಿಬಂತು. ಪುನುಗಣ್ಣ ಹೊತ್ತ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದ.

"ಅಕ್ಕಾ, ಬೇರು ಬಿಟ್ಟು ಮೇಲಷ್ಟೇ ಕೊಯ್ಯಬಾರದಾ? ಕಳೆ ಮುಗಿದರೆ ನಮ್ಮ ಹೊಟ್ಟೆಪಾಡು?"

"ಮುಗಿಯಲಿ ಅಂತಲೇ ಕೀಳ್ತಿರೋದಪ್ಪಾ. ನನ್ನ ಮರಿ ಈಜು ಕಲಿಯೋದು ಬೇಡವಾ?"

ಪುನುಗಣ್ಣ ಸುಮ್ಮನೆ ನಕ್ಕ. ಆಮೇಲೆ ನಾಲ್ಕು ಗಿಡ ಕದ್ದೊಯ್ದು ತನ್ನ ಪೊದೆಯ ಹಿಂದಿನ ಹೊಂಡಕ್ಕೆ ಎಸೆದ. "ಬೆಳೀರಪ್ಪಾ, ನನ್ನ ಮೀನಿನ ಮರಗಳಾ!" ಎಂದ.

ಬೆಳೆದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಂಡ ಯಾವುದು, ಹುಲ್ಲು ಯಾವುದು ತಿಳಿಯದಾಯಿತು. ಒಂದು ಬೆಳಿಗ್ಗೆ ಮೀನು ತಿಂದ ಖುಷಿಯಲ್ಲಿ ಕುಣಿಯುತ್ತ ಬಂದವನು ಆ ಹಸಿರಿನ ಮೇಲೆ ಕಾಲಿಟ್ಟ. ಗುಳುಂ! ಬೇರುಗಳು ಕಾಲು ಸುತ್ತಿಕೊಂಡವು.

"ಸತ್ತೆ! ಹೊನ್ನಕ್ಕಾ, ಸತ್ತೆ!"

ಹೊನ್ನವ್ವ ಓಡಿಬಂದು ಅಂತರಗಂಗೆಯ ಹಗ್ಗವನ್ನೇ ಎಸೆದಳು. ಅವನು ಕಚ್ಚಿ ಹಿಡಿದ, ಅವಳು ಎಳೆದಳು. ದಡಕ್ಕೆ ಬಿದ್ದವನ ಮೈಯಲ್ಲಿ ಪರಿಮಳವಿಲ್ಲ, ಕೊಳೆತ ಕೆಸರು.

"ಇದು ಇಲ್ಲಿಗೆ ಹೇಗೆ ಬಂತಪ್ಪಾ?"

ಅವನು ಕೆಸರು ಮೆತ್ತಿದ ಕೈ ಮುಗಿದ. "ನಾನೇ ಕದ್ದು ತಂದೆ ಅಕ್ಕಾ."

"ಸರಿ, ಮೊದಲು ನಿನ್ನ ಹೊಂಡದ್ದು ಕೀಳು. ಆಮೇಲೆ ಕೆರೆಗೆ ಬಾ."

ಕೊಕ್ಕರೆಗಳೂ ಬಂದು ಕೈಜೋಡಿಸಿದವು. ಕೊನೆಯ ಗಿಡ ದಡ ಸೇರಿದಾಗ ನೀರು ನಡುಗಿ, ನಿಧಾನಕ್ಕೆ ನಿಂತಿತು. ಕೆರೆಯೊಳಗೆ ಇಡೀ ಆಕಾಶವೇ ಇಳಿದಿತ್ತು. ಅಷ್ಟೊಂದು ಮೋಡ, ಅಷ್ಟೊಂದು ಬೆಳಕು ಇಷ್ಟು ದಿನ ಎಲ್ಲಿತ್ತೋ! ಮರಿ ಅವ್ವನ ಬೆನ್ನಿಗೆ ಅಡಗಿತು.

"ಅವ್ವಾ, ಕಾಲಿಟ್ಟರೆ ಆಕಾಶಕ್ಕೆ ಬಿದ್ದುಬಿಡ್ತೀನಾ?"

"ಬೀಳು ಕಂದಾ, ನಾನಿದೀನಿ."

ಮರಿ ಕಣ್ಣುಮುಚ್ಚಿ ಧುಮುಕಿತು. ಮೋಡಗಳ ನಡುವಿನಿಂದ ಮೀನೊಂದು ಚಂಗನೆ ಮೇಲೆದ್ದಿತು.

ನೀತಿ: ಕೇಡನ್ನು ಬೇರುಸಹಿತ ಕಿತ್ತು ಬದುಕು ಕಟ್ಟಿಕೊಳ್ಳಬಹುದು; ತನ್ನ ಲಾಭಕ್ಕೆಂದು ಕೇಡನ್ನೇ ಬೆಳೆಸಿದವನು ಅದರಲ್ಲೇ ಮುಳುಗುತ್ತಾನೆ.