ಕಲೆ ಕಾಣದ ನಿಲುವಂಗಿ

"ಕೇಳ್ರಪ್ಪೋ ಕೇಳಿ! ಕಡಲಾಚೆಯ ಸನ್ಯಾಸಿ ರಾಜಕುಮಾರಿಗೆ ಮಾಡಿಕೊಟ್ಟ ಕಾಫಿಯ ಮೇಲೆ ಮೂರು ಒಗಟು! ಮೂರನ್ನೂ ಒಡೆದವನಿಗೆ ಅರ್ಧ ರಾಜ್ಯ, ರಾಜಕುಮಾರಿ ಒಪ್ಪಿದರೆ ಮದುವೆ! ಒಂದು ತಪ್ಪಿದರೂ ತಲೆದಂಡ!"

ಕರಿಗಲ್ಲುದುರ್ಗದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆದು ತಿಂಗಳಾಗಿತ್ತು. ಅಯ್ಯೋ ಶಿವನೇ, ಒಂದು ಲೋಟ ಕಾಫಿಗೆ ಒಂದು ತಲೆ! ಇದ್ಯಾವ ಊರ ನ್ಯಾಯ ಅಂತ ನನ್ನನ್ನು ಕೇಳಬೇಡಿ, ದೊರೆಗಳ ತಿಕ್ಕಲಿಗೆ ಮದ್ದಿಲ್ಲ. ಆ ಸನ್ಯಾಸಿ ಹಿತ್ತಾಳೆಯ ಯಂತ್ರವೊಂದನ್ನು ತಂದು, ಪರದೆಯ ಹಿಂದೆ ನಿಂತು ಕಾಫಿ ಮಾಡಿ, ಗುಟ್ಟನ್ನು ರಾಜಕುಮಾರಿ ಪದುಮಲೆಯ ಕಿವಿಯಲ್ಲಿ ಮಾತ್ರ ಹೇಳಿ ಹೋಗಿದ್ದ. ಒಗಟು ಕಟ್ಟಿದವಳು ಅವಳು. ತಲೆದಂಡ ಸೇರಿಸಿದವನು ಅವಳಪ್ಪ ಗಂಡಭೈರರಾಜ.

ಹತ್ತೊಂಬತ್ತು ಜನ ಸೋತು ಸೆರೆಮನೆ ಸೇರಿದ್ದರು. ಅವರಲ್ಲಿ ಕೊನೆಯವನು ಮಡಿವಾಳರ ಮಾಚನ ಅಣ್ಣ ಕಲ್ಲಣ್ಣ. ಇವತ್ತು ಹೊತ್ತು ಮುಳುಗುವಾಗ ಅಷ್ಟೂ ತಲೆ ಉರುಳುತ್ತವೆ ಎಂಬ ಸುದ್ದಿ ಬಂದಾಗ ಮಾಚ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಕೈಯಲ್ಲಿದ್ದ ಪಂಚೆ ಹೊಳೆಪಾಲಾದದ್ದೂ ಅವನಿಗೆ ಕಾಣಲಿಲ್ಲ. ಮೊಣಕಾಲಿಗೇರಿಸಿದ ಒದ್ದೆ ಬಟ್ಟೆಯಲ್ಲೇ ಅರಮನೆಗೆ ಓಡಿದ.

ಅಲ್ಲಿ ನೆರೆನಾಡಿನ ಯುವರಾಜನೊಬ್ಬ ಮೀಸೆ ತಿರುವುತ್ತ ನಿಂತಿದ್ದ. ಪದುಮಲೆ ಕೇಳಿದಳು: "ನೀರು ಹೋಗುವಾಗ ತಿಳಿ, ಬರುವಾಗ ಕರಿ. ದಾರಿ ಸಡಿಲವಾದರೆ ಹುಳಿ, ಬಿಗಿ ಮೀರಿದರೆ ಕಹಿ. ಯಾವುದು ಆ ದಾರಿ?"

"ಇನ್ನೇನು, ಮೋರಿ!" ಅಂದ ಯುವರಾಜ.

ಸಭೆ ಬೆಚ್ಚಿತು. ಕುಡಿಯುವ ಕಾಫಿಗೆ ಮೋರಿಯೇ! ಭಟರು ಅವನನ್ನು ಎಳೆದೊಯ್ದರು.

ಆಮೇಲೆ ಬಂದವರು ಆಸ್ಥಾನದ ಪಂಡಿತರೊಬ್ಬರು. "ಒತ್ತಿದ ಕಾಫಿಪುಡಿ" ಎಂದು ಮೊದಲನೆಯದನ್ನು ಗೆದ್ದರು. ಪದುಮಲೆ ಎರಡನೆಯದನ್ನು ಮುಂದಿಟ್ಟಳು: "ಒಲೆಯ ಮೇಲಿಡದೆ ಹಾಲು ಸುಡುತ್ತದೆ. ತೊಟ್ಟು ನೀರು ಸುರಿಯದೆ ಎರಡರಷ್ಟು ಉಬ್ಬುತ್ತದೆ. ಹಾಲಿನೊಳಗೆ ಹೊಕ್ಕವರು ಯಾರು?"

"ಯಾರೂ ಇಲ್ಲ ತಾಯಿ. ಎರಡು ಲೋಟ ಹಿಡಿದು ಮೊಳದೆತ್ತರದಿಂದ ಎತ್ತಿ ಹೊಯ್ದರೆ ನೊರೆ ತಾನಾಗಿ ಬರುತ್ತದೆ."

ಸಭೆಯೆಲ್ಲ ಹೌದುಹೌದೆಂದು ತಲೆಯಾಡಿಸಿತು. ಈ ನಾಡಿನಲ್ಲಿ ಕೂಸಿಗೂ ಗೊತ್ತಿರುವ ಕೆಲಸವದು. ಕಲ್ಲಣ್ಣ ಹೇಳಿದ್ದೂ ಇದನ್ನೇ. ಪದುಮಲೆ ಕಣ್ಣು ಮುಚ್ಚಿ "ತಪ್ಪು" ಅಂದಳು. ಭಟರು ಪಂಡಿತರನ್ನೂ ಸೆರೆಮನೆಗೆ ಎಳೆದೊಯ್ದರು.

ಆದರೂ ಮಾಚ ಮುಂದೆ ಬಂದ. "ನಾನು ಹೇಳ್ತೀನಿ ಬುದ್ದೀ."

"ಅಗಸನೇ?" ರಾಜ ಹಲ್ಲು ಕಡಿದ. "ಅಣ್ಣನ ಹಿಂದೆ ತಮ್ಮನಿಗೂ ಸಾಯೋ ಚಪಲವೇ?"

"ಮೊದಲನೆಯದು ಪುಡಿಯೇ ತಾಯಿ. ನುಣ್ಣಗೆ ಬೀಸಿ ಒತ್ತಿ ಕೂರಿಸಿದ ಪುಡಿ. ಅದರೊಳಗೆ ಬಿಸಿನೀರನ್ನು ಬಲವಾಗಿ ನುಗ್ಗಿಸಬೇಕು, ಸುಮ್ಮನೆ ಸುರಿದರಾಗದು. ಇನ್ನು ಎರಡನೆಯದು... ಎತ್ತಿ ಹೊಯ್ದರೆ ನೊರೆ ಬರ್ತದೆ, ಆದರೆ ಹಾಲು ಆರುತ್ತೆ. ನೀವು ಸುಡ್ತದೆ ಅಂದಿರಿ. ಹೊಕ್ಕಿದ್ದು ಹಬೆ. ಅದರ ಜೊತೆ ಗಾಳಿಯೂ ಒಳಗೆ ಹೋಗ್ತದೆ, ಅದಕ್ಕೇ ಉಬ್ಬುತ್ತದೆ."

ಪದುಮಲೆ ಗಕ್ಕನೆ ಎದ್ದು ನಿಂತಳು. ಇಪ್ಪತ್ತೊಂದು ಜನರಲ್ಲಿ ಒಬ್ಬನೂ ಮುಟ್ಟದ ಮೂರನೆಯ ಒಗಟು ಕೇಳಿದಳು: "ಆ ಕಾಫಿಗೆ ಹೆಸರು ಬಂದದ್ದು ಸನ್ಯಾಸಿಗಳಿಂದ. ಅವರು ಮೈಮೇಲಿದ್ದದ್ದನ್ನೇ ಕೊಟ್ಟರು. ಕೊಟ್ಟ ಮೇಲೂ ಅದು ಅವರ ಮೈಮೇಲೇ ಇದೆ. ಏನದು?"

"ವಿಭೂತಿ ಅನ್ನೋ!" ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಮೇಲಿನ ಬಿಳಿ ನೊರೆಗೆ ಸರಿಯಾಗೇ ಹೊಂದುತ್ತಿತ್ತು. ಮಾಚನ ನಾಲಿಗೆ ತುದಿಗೂ ಬಂತು. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಅವನು ಒಗೆದೊಗೆದು ಸುಕ್ಕಾದ ತನ್ನ ಅಂಗೈ ನೋಡಿಕೊಂಡ.

"ಬಣ್ಣ ತಾಯಿ. ಅವರ ನಿಲುವಂಗಿಯ ಬಣ್ಣ."

ಪದುಮಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಸರಿ! ಕಡಲಾಚೆಯ ಕಪುಚಿನ್ ಪಂಥದ ಸನ್ಯಾಸಿಗಳ ಕಂದು ನಿಲುವಂಗಿ. ಕರಿ ಕಾಫಿಗೆ ಹಾಲು ಬೆರೆತರೆ ಅದೇ ಬಣ್ಣ, ಅದಕ್ಕೇ ಕಾಪುಚಿನೋ ಅಂತ ಹೆಸರು. ನಿನಗ್ಯಾರು ಹೇಳಿದರು?"

"ಬಟ್ಟೆ ಹೇಳಿತು. ಆ ಸನ್ಯಾಸಿ ಒರೆಸೋ ಬಟ್ಟೆ ಒಗೆಯಲು ಕೊಟ್ಟಿದ್ದರು. ಅದರಲ್ಲಿ ಪುಟ್ಟ ಸಗಣಿ ಕುಳ್ಳಿನ ಹಾಗೆ ಒತ್ತಿದ ಪುಡಿಯ ಬಿಲ್ಲೆಯಿತ್ತು. ಹಬೆ ಅಂದರೆ ನಮ್ಮ ಉಬ್ಬೆ ತಾಯಿ, ಕೊಳೆ ಬಿಡಿಸೋಕೆ ದಿನಾ ಬಟ್ಟೆಗೆ ಹಬೆ ಕೊಡ್ತೀವಿ. ಇನ್ನು ನಿಲುವಂಗಿ... ಕಾಫಿ ಚೆಲ್ಲಿದೆ, ಕಲೆ ತೆಗಿ ಅಂದಿದ್ದರು. ಅರ್ಧ ದಿನ ಹುಡುಕಿದೆ. ಕಲೆ ಯಾವುದು, ಅಂಗಿ ಯಾವುದು, ಗೊತ್ತೇ ಆಗಲಿಲ್ಲ!"

ಮಾಚ ಕೈಮುಗಿದ. "ಬುದ್ದೀ, ನನಗೆ ರಾಜ್ಯ ಬೇಡ. ಅಣ್ಣನನ್ನೂ ಉಳಿದವರನ್ನೂ ಬಿಟ್ಟುಬಿಡಿ."

"ಡಂಗುರದಲ್ಲಿ ಅದಿಲ್ಲ," ಅಂದ ರಾಜ. "ಅರ್ಧ ರಾಜ್ಯ ಅಂದಿದ್ದೆ, ಕೊಡ್ತೀನಿ. ಮೂಡಣದ ಅರ್ಧದಲ್ಲಿ ಗದ್ದೆ, ಕೆರೆ. ಪಡುವಣದಲ್ಲಿ ಬರೀ ಬಂಡೆ, ಮುಳ್ಳು. ಆರಿಸ್ಕೋ."

ಮಾಚನ ಕಣ್ಣಲ್ಲಿ ನೀರು ತುಂಬಿತ್ತು. ಕಣ್ಣೊರೆಸಿಕೊಂಡು ಕೇಳಿದ: "ಸೆರೆಮನೆ ಯಾವ ಕಡೆ ಬರ್ತದೆ ಬುದ್ದೀ?"

"ಪಡುವಣಕ್ಕೆ."

"ಹಾಗಾದರೆ ನನಗೆ ಪಡುವಣ ಕೊಡಿ. ಕೀಲಿಕೈ ತನ್ನಿ."

ಆಡಿದ ಮಾತಿಗೆ ರಾಜನೇ ಸಿಕ್ಕಿಬಿದ್ದಿದ್ದ. ಕೀಲಿಕೈ ತಂದುಕೊಟ್ಟವಳು ಪದುಮಲೆಯೇ. ತಿಂಗಳಿಂದ ತನಗೆ ನಿದ್ದೆ ಹತ್ತಿಲ್ಲವೆಂದು ಅವಳು ಗಳಗಳನೆ ಅತ್ತಳಂತೆ. ಮದುವೆಯ ಮಾತು ನಿಧಾನವಾಗಿ ಆಮೇಲೆ ಬಂತು, ಅವಳ ಬಾಯಿಂದಲೇ.

ಹೊತ್ತು ಮುಳುಗುವ ಮೊದಲೇ ಬಾಗಿಲು ತೆರೆಯಿತು. ಇಪ್ಪತ್ತೊಂದು ತಲೆಗಳೂ ಹೆಗಲ ಮೇಲೇ ಇದ್ದವು. ಕಲ್ಲಣ್ಣ ತಮ್ಮನನ್ನು ತಬ್ಬಿಕೊಂಡು ಅತ್ತು, ಮೂಗೊರೆಸಿಕೊಂಡು ಅಂದ: "ಎತ್ತಿ ಹೊಯ್ದರೂ ನೊರೆ ಬರ್ತದಲ್ಲೋ ಮಾಚಾ!"

"ಬರ್ತದೆ ಅಣ್ಣ. ಸ್ವಲ್ಪ ಆರಿರ್ತದೆ, ಅಷ್ಟೆ."

ಅವರು ಅಲ್ಲಿ ಬಿಸಿಬಿಸಿ ಕುಡಿದರು. ನಾವು ಕತೆ ಹೇಳುತ್ತ ಕೂತು ನಮ್ಮ ಲೋಟದ ಕಾಫಿಯನ್ನು ಆರಲು ಬಿಟ್ಟೆವು.