ಮೊದಲ ಮಾತಿನ ಗಂಟೆ

ಹೊಳೆಕೋಟೆಯ ಅರಸು ವೀರಸೋಮ ಡಂಗುರ ಸಾರಿಸಿದ: “ಅರಮನೆಯ ಒಂದೊಂದು ಸಭೆಯಲ್ಲೂ ಮೂರು ಹೊಸ ಒಗಟು ಕೇಳುತ್ತೇವೆ. ಒಂದೊಂದು ಒಗಟಿಗೂ ಸುಳಿವಾಗಿ ಎರಡು ಮಾತು. ಮೊದಲನೆಯದು ಬಲ್ಲವರಿಗೆ, ಎರಡನೆಯದು ಎಲ್ಲರಿಗೆ. ಮೊದಲ ಮಾತಿಗೇ ಗಂಟೆ ಹೊಡೆದು ಸರಿ ಹೇಳಿದವರಿಗೆ ಬೇಡಿದ್ದೊಂದನ್ನು ಕೊಡುತ್ತೇವೆ. ಎರಡನೆಯದಕ್ಕೆ ಹೇಳಿದರೆ ಒಂದು ವೀಳ್ಯ. ತಪ್ಪಿದರೆ ಹುಣ್ಣಿಮೆಗೆ ತಲೆ ಹೋಗುತ್ತದೆ.”

ವೀಳ್ಯಕ್ಕಾಗಿ ಯಾರು ಬರುತ್ತಾರೆ ಹೇಳಿ? ಬಂದವರೆಲ್ಲ ಮೊದಲ ಮಾತಿಗೇ ಗಂಟೆಗೆ ಕೈ ಹಾಕಿದರು. ಸೆರೆಮನೆ ತುಂಬಿತು. ಸುಣ್ಣಗಾರ ಬೈರನೂ ಹಾಗೇ ದುಡುಕಿ ಒಳಗಾದ.

ಹುಣ್ಣಿಮೆಯ ಹಿಂದಿನ ದಿನ, ಕಡೆಯ ಸಭೆಗೆ, ಅವನ ತಮ್ಮ ದ್ಯಾವ ಬಂದ. ಕಪ್ಪೆಚಿಪ್ಪು ಸುಟ್ಟು ಸುಟ್ಟು ಅವನ ಬೆರಳು ಬಿರಿದಿದ್ದವು. ಅಣ್ಣನನ್ನು ಬಿಡಿಸಬೇಕು, ಅಷ್ಟೇ. ಪಕ್ಕದಲ್ಲಿ ಇಬ್ಬರು ಪಂಡಿತರು ನಿಂತಿದ್ದರು.

ಅರಸು ಶುರುಮಾಡಿದ: “ಅದರ ಕಾಂಡ ಕಾಂಡವಲ್ಲ, ಎಲೆಬುಡಗಳ ಸುರುಳಿ.”

ಮೊದಲ ಪಂಡಿತ ಗಂಟೆ ಹೊಡೆದು, “ತಾವರೆ” ಎಂದ. ಭಟರು ಅವನನ್ನು ಎಳೆದೊಯ್ದರು.

ಅರಸು ಎರಡನೆಯ ಮಾತು ಹೇಳಿದ: “ಒಂದೇ ಗೊನೆ ಕೊಟ್ಟು ಸಾಯುತ್ತದೆ.”

“ಬಾಳೆ, ಒಡೆಯಾ” ಎಂದ ದ್ಯಾವ. ವೀಳ್ಯ ಸಿಕ್ಕಿತು. ಸಭೆ ನಕ್ಕಿತು.

ಅರಸು ಮುಂದಿನ ಒಗಟಿಗೆ ಬಂದ: “ಬಾಯಿಬಿಡದೆ ಕುಣಿದೇ ತನ್ನವರಿಗೆ ದಾರಿ ತೋರುತ್ತದೆ.”

“ನವಿಲು” ಎಂದ ಎರಡನೆಯ ಪಂಡಿತ. ಅವನೂ ಹೋದ.

“ಹೂವಿನಿಂದ ಹೂವಿಗೆ ಅಲೆದು ಸಿಹಿ ಕೂಡಿಡುತ್ತದೆ.”

“ಜೇನು” ಎಂದ ದ್ಯಾವ. ಇನ್ನೊಂದು ವೀಳ್ಯ. ಉಳಿದದ್ದು ಒಂದೇ ಒಗಟು.

“ಬೆಂಕಿಯಲ್ಲಿ ಬೆಂದರೂ ಆಕಾರ ಕೆಡುವುದಿಲ್ಲ, ತೂಕ ಮಾತ್ರ ಅರ್ಧಕ್ಕಿಳಿಯುತ್ತದೆ.”

ಗಂಟೆ ಮೊಳಗಿತು. ಹೊಡೆದವನು ದ್ಯಾವನೇ.

“ಸುಟ್ಟ ಚಿಪ್ಪು, ಒಡೆಯಾ. ಸುಣ್ಣ. ನೀವು ಕೊಟ್ಟ ವೀಳ್ಯದಲ್ಲೂ ಇದೆ. ಬೆಂದಿದೆಯೋ ಇಲ್ಲವೋ ಅಂತ ನಾವು ಚಿಪ್ಪನ್ನು ಅಂಗೈಲಿಟ್ಟು ತೂಗಿ ನೋಡ್ತೀವಿ. ಹಗುರಾದರೆ ಬೆಂದ ಹಾಗೆ.”

ಅರಸು ತಲೆದೂಗಿದ. “ಎರಡನೆಯ ಮಾತಾಗಿ, ತಣ್ಣೀರು ಕುಡಿದು ಕುದಿಯುತ್ತದೆ ಎನ್ನುವವನಿದ್ದೆ. ಮೊದಲೆರಡು ಒಗಟಿಗೆ ನೀನು ಯಾಕೆ ಗಂಟೆ ಹೊಡೆಯಲಿಲ್ಲ?”

“ಗೊತ್ತಿರಲಿಲ್ಲ, ಒಡೆಯಾ.”

“ಏನು ಬೇಕು?”

“ನನ್ನಣ್ಣ ಒಳಗಿದ್ದಾನೆ. ಸೆರೆಮನೆ ಬಾಗಿಲು ತೆರೆಸಿ ಎಲ್ಲರನ್ನೂ ಬಿಡಿ.”

“ನಿನ್ನವನು ಒಬ್ಬನೇ ಅಲ್ಲವೇ?”

“ಅವನೊಬ್ಬನನ್ನೇ ಕರಕೊಂಡು ಹೋದರೆ, ಉಳಿದವರ ಮನೆಗೆ ಯಾವ ಮುಖ ಇಟ್ಟುಕೊಂಡು ಸುಣ್ಣ ಬಳಿಯೋಕೆ ಹೋಗಲಿ?”

ಅರಸು ಬೀಗದಕೈ ತರಿಸಿ ದ್ಯಾವನ ಕೈಗೇ ಕೊಟ್ಟ. ಗಂಟೆಯನ್ನೂ ಇಳಿಸಿಬಿಟ್ಟ.

ಎಲ್ಲರೂ ಹೊರಬಂದರು, ಪಂಡಿತರೂ. ದಾರಿಯಲ್ಲಿ ಬೈರ ಕೇಳಿದ: “ಮೂರನೆಯದೂ ಗೊತ್ತಿಲ್ಲದೇ ಇದ್ದಿದ್ದರೆ ಏನೋ ಮಾಡ್ತಿದ್ದೆ?”

ದ್ಯಾವ ವೀಳ್ಯ ಮಡಿಸಿ ಅಣ್ಣನ ಕೈಗಿಟ್ಟ.

“ಆಗಲೂ ಗಂಟೆ ಹೊಡೀತಿದ್ದೆ ಅಣ್ಣ.”